ಸಿಂಧನೂರಿನಲ್ಲಿ ಮನೆಮಂದಿಗೆಲ್ಲ ಏಳು ಸೀಟಿನ ಡೀಸೆಲ್ ಎಸ್‌ಯುವಿ ಸರಿಹೋಗುತ್ತದಾ? ಇಟ್ಟುಕೊಂಡವರು ಹೇಳಿ

ನೀವು ಬರೆದದ್ದು ಇಷ್ಟು: ಸಿಂಧನೂರಿನಲ್ಲಿ ಮನೆ, ಒಟ್ಟು ಆರು ಜನ, ಅತ್ತೆಯವರಿಗೆ ಮೊಣಕಾಲು ನೋವು. ದಿನಾ ಶಾಲೆ, ಬಜಾರು ಅಂತ ಎಂಟು ಕಿಲೋಮೀಟರು ಓಡಾಟ. ಎರಡು ತಿಂಗಳಿಗೊಮ್ಮೆ ಬೆಂಗಳೂರು. ಶೋರೂಮಿನವರು ಏಳು ಸೀಟಿನ ಡೀಸೆಲ್ ಗಾಡಿಯನ್ನೇ ತೆಗೆದುಕೊಳ್ಳಿ ಅಂತಿದ್ದಾರೆ, ತೆಗೆದುಕೊಳ್ಳಬಹುದಾ?

ನಾನು ಗಂಗಾವತಿಯವನು, ಗೊಬ್ಬರ-ಬೀಜದ ಅಂಗಡಿ ಇದೆ. 2021ರಲ್ಲಿ ಅಂಥದ್ದೇ ಒಂದು ಗಾಡಿ ತಂದೆ. ಈಗ 61 ಸಾವಿರ ಕಿಲೋಮೀಟರು ಓಡಿದೆ. ಕಂಪನಿ ಹೆಸರು ಹೇಳುವುದಿಲ್ಲ, ಹೇಳಿದರೆ ಮಾತೆಲ್ಲ ಅತ್ತಲೇ ಹೋಗುತ್ತದೆ. ಓಡಿಸಲು ಹೇಗಿದೆ ಅನ್ನುವುದು ನಿಮಗೆ ಟೆಸ್ಟ್ ಡ್ರೈವ್‌ನಲ್ಲೇ ಗೊತ್ತಾಗುತ್ತದೆ. ಚೆನ್ನಾಗಿಯೇ ಇರುತ್ತದೆ. ಮನೆಯಲ್ಲಿ ಇಟ್ಟುಕೊಂಡರೆ ಹೇಗಿರುತ್ತದೆ ಅನ್ನುವುದು ಬೇರೆ ಮಾತು, ಅದನ್ನಷ್ಟೇ ಬರೆಯುತ್ತೇನೆ.

ಅತ್ತೆಯವರ ಮೊಣಕಾಲಿನಿಂದಲೇ ಶುರು ಮಾಡೋಣ. ಗಾಡಿ ಮನೆಗೆ ಬಂದ ದಿನ ಪೂಜೆ ಆಯ್ತು, ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟಿದ್ದಾಯ್ತು. "ಅವ್ವಾ, ನೀನೇ ಮೊದಲು ಹತ್ತು" ಅಂದೆ. ಅವ್ವ ಬಾಗಿಲು ಹಿಡಿದು ಒಮ್ಮೆ ಸೀಟು ನೋಡಿದಳು, ಒಮ್ಮೆ ನೆಲ ನೋಡಿದಳು. "ಇದಕ್ಕ ಏಣಿ ಎಲ್ಲೈತೋ?" ಅಂದಳು. ನಾವೆಲ್ಲ ನಕ್ಕೆವು, ಅವಳು ನಗಲಿಲ್ಲ. ಗಾಡಿಯ ಅಡಿಗೂ ನೆಲಕ್ಕೂ ನಡುವೆ 200 ಮಿಲಿಮೀಟರ್ ಅಂತರ, ಗ್ರೌಂಡ್ ಕ್ಲಿಯರೆನ್ಸ್ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅಷ್ಟು ಎತ್ತರದ ಗಾಡಿಯನ್ನು ದಿನಾ ಹತ್ತಿ ಇಳಿಯಬೇಕಾದವಳು ಅವಳು.

ಆಮೇಲೆ ಬಾಗಿಲ ಕೆಳಗೆ ಫುಟ್‌ಸ್ಟೆಪ್ ಹಾಕಿಸಿದೆ. ಅದು ಅಂಗೈ ಅಗಲ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿದ ಚಪ್ಪಲಿ ಅದರ ಮೇಲೆ ಜಾರುತ್ತದೆ. ಒಂದು ಸಲ ಜಾರಿ, ಬಾಗಿಲು ಹಿಡಿದು ಹೇಗೋ ಉಳಿದಳು. ಕೊನೆಗೆ ಉಪಾಯ ಹೊಳೆದದ್ದು ಅವಳಿಗೇ. ಊಟಕ್ಕೆ ಕೂರುವ ಹಳೆಯ ತೇಗದ ಮಣೆ ಇತ್ತು. ಅದಕ್ಕೊಂದು ಹಗ್ಗ ಕಟ್ಟಿದಳು. ಮಣೆ ಮೇಲೆ ಕಾಲಿಟ್ಟು ಹತ್ತುತ್ತಾಳೆ, ಕೂತು ಸೀರೆ ಸರಿಮಾಡಿಕೊಂಡು, ಹಗ್ಗ ಎಳೆದು ಮಣೆಯನ್ನು ಒಳಗೆ ತೆಗೆದುಕೊಳ್ಳುತ್ತಾಳೆ. ಬಾವಿಯಿಂದ ಕೊಡ ಸೇದಿದ ಹಾಗೆ. ಹುಲಿಗಿಯ ಹುಣ್ಣಿಮೆ ಗದ್ದಲದಲ್ಲೂ ಅದೇ. ಜನ ನಿಂತು ನೋಡುತ್ತಾರೆ, ಅವಳಿಗೇನೂ ಇಲ್ಲ.

ಹಾಗಾಗಿ ಶೋರೂಮಿಗೆ ಅತ್ತೆಯವರನ್ನು ಕರೆದುಕೊಂಡು ಹೋಗಿ. ಸೀರೆ ಉಟ್ಟುಕೊಂಡೇ ಮೂರು ಸಲ ಹತ್ತಿ ಇಳಿಯಲಿ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಅದನ್ನು ಸರಿಯಾಗಿ ನೋಡಿ.

ಮೂರನೇ ಸಾಲಿನ ಮಾತು ಬೇಗ ಮುಗಿಸುತ್ತೇನೆ. ಅಲ್ಲಿ ಹತ್ತು-ಹನ್ನೆರಡು ವರ್ಷದ ಮಕ್ಕಳು ಆರಾಮಾಗಿ ಕೂರುತ್ತಾರೆ. ದೊಡ್ಡವರು ಕೂತರೆ ಮೊಣಕಾಲು ಎದೆಗೆ ಬರುತ್ತದೆ. ಇನ್ನೊಂದು, ಆ ಸೀಟು ಎಬ್ಬಿಸಿದರೆ ಡಿಕ್ಕಿ ಇಲ್ಲ. ಗಂಗಾವತಿಯವರು ಬೆಂಗಳೂರಿನ ನೆಂಟರ ಮನೆಗೆ ಸೋನಾ ಮಸೂರಿ ಇಲ್ಲದೆ ಹೋಗುವ ಪದ್ಧತಿಯೇ ಇಲ್ಲ, ಸಿಂಧನೂರಿನವರಿಗೂ ಇದು ಹೊಸದಲ್ಲ. ಏಳು ಜನ ಕೂತರೆ 25 ಕೆಜಿಯ ಒಂದು ಅಕ್ಕಿ ಚೀಲಕ್ಕೂ ಅಲ್ಲಿ ಜಾಗ ಸಾಲದು. ಜನ ಬೇಕಾ, ಅಕ್ಕಿ ಬೇಕಾ ಅಂತ ಪ್ರತಿ ಸಲ ಮನೆಯಲ್ಲಿ ಪಂಚಾಯಿತಿ. ನೀವು ಆರು ಜನ ಅಂದಿರಿ. ಆರನೆಯವರು ಚಿಕ್ಕವರಾದರೆ ಅರ್ಧ ಸೀಟು ಮಡಚಿಕೊಂಡು ನಡೆಯುತ್ತದೆ.

ಈಗ ಡೀಸೆಲ್. ನಿಮ್ಮ ದಿನದ ಎಂಟು ಕಿಲೋಮೀಟರು ಕೇಳಿಯೇ ನಾನು ಉತ್ತರ ಬರೆಯಲು ಕೂತದ್ದು.

2020ರ ಏಪ್ರಿಲ್‌ನಿಂದ ಗಾಡಿಯ ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಬಂದಿದೆ. ಈಗಿನ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಹೊಗೆಯಲ್ಲಿರುವ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಅದನ್ನು ಒಳಗೇ ಸುಟ್ಟು ಬೂದಿ ಮಾಡಬೇಕು. ಅದಕ್ಕೆ 600 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಶಾಲೆಗೆ ಹೋಗಿ ಬರುವ ಹತ್ತು ನಿಮಿಷದಲ್ಲಿ ಅಷ್ಟು ಬಿಸಿ ಏರುವುದೇ ಇಲ್ಲ. ಒಲೆ ಹೊತ್ತಿಸಿ, ಅನ್ನ ಕುದಿ ಬರುವ ಮೊದಲೇ ಆರಿಸಿದ ಹಾಗೆ ಆಗುತ್ತದೆ. ಮಸಿ ಮಾತ್ರ ದಿನಾ ಕೂಡುತ್ತಾ ಹೋಗುತ್ತದೆ.

ಮೊದಲ ವರ್ಷ ನನಗೆ ಇದೊಂದೂ ಗೊತ್ತಿರಲಿಲ್ಲ. ಮನೆಯಿಂದ ಅಂಗಡಿ ಎರಡೂವರೆ ಕಿಲೋಮೀಟರು, ಶಾಲೆ ಮೂರು. ಏಳನೇ ತಿಂಗಳಲ್ಲಿ ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಸರ್ವಿಸ್‌ನವರಿಗೆ ಫೋನ್ ಮಾಡಿದರೆ "ಓಡಿಸ್ತಾ ಇರಿ ಸರ್, ಹೋಗುತ್ತೆ" ಅಂದರು. ಹೇಗೆ ಓಡಿಸಬೇಕು ಅಂತ ಹೇಳಲಿಲ್ಲ. ನಾನು ಅದೇ ಬಜಾರಿನಲ್ಲೇ ಓಡಿಸಿದೆ. ವಾರದಲ್ಲಿ ಗಾಡಿಯ ಶಕ್ತಿಯೇ ಉಡುಗಿತು, ಆಕ್ಸಿಲರೇಟರ್ ತುಳಿದರೂ ಎತ್ತಿನ ಗಾಡಿಯ ಹಾಗೆ ಎಳೆಯಿತು. ಕೊನೆಗೆ ಸರ್ವಿಸ್‌ಗೇ ಒಯ್ದು, ಕಂಪ್ಯೂಟರ್ ಹಚ್ಚಿ, ನಿಂತಲ್ಲೇ ಎಂಜಿನ್ ಜೋರಾಗಿ ಓಡಿಸಿ ಸುಟ್ಟರು. ಬಿಲ್ಲು ಬೇರೆ.

ಅವತ್ತಿನಿಂದ ಭಾನುವಾರ ಬೆಳಿಗ್ಗೆ ಒಂದು ಕೆಲಸ ಗಟ್ಟಿ. ಹಿಟ್ನಾಳ ಕ್ರಾಸ್ ದಾಟಿ ಹೆದ್ದಾರಿ 50 ಹಿಡಿದು, 70-80ರ ವೇಗದಲ್ಲಿ ಇಪ್ಪತ್ತೈದು ನಿಮಿಷ ಒಂದೇ ಸಮನೆ ಓಡಿಸಿ ಬರುತ್ತೇನೆ. ನನ್ನ ಹೆಂಡತಿ ಇದಕ್ಕೆ "ಗಾಡಿಗೆ ವಾಕಿಂಗ್" ಅಂತ ಹೆಸರಿಟ್ಟಿದ್ದಾಳೆ. "ನಿಮಗೆ ಸಕ್ಕರೆ ಕಾಯಿಲೆ ಇದೆ, ವಾಕಿಂಗ್ ನಿಮಗೆ ಬೇಕು, ಗಾಡಿಗಲ್ಲ" ಅಂತ ಒಮ್ಮೆ ಅಂದದ್ದೂ ಇದೆ. ಆಮೇಲೆ ಆ ದೀಪ ಮತ್ತೆ ಹತ್ತಿಲ್ಲ. ಒಂದು ಗುರುತು ನೆನಪಿಡಿ: ನಿಂತಾಗ ಎಂಜಿನ್ ಮಾಮೂಲಿಗಿಂತ ಜೋರಾಗಿ ಓಡುತ್ತಿದ್ದರೆ, ಮುಂದಿನ ಫ್ಯಾನ್ ಬೋರೆಂದು ತಿರುಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಒಳಗೆ ಮಸಿ ಸುಡುತ್ತಿದೆ ಅಂತ ಅರ್ಥ. ಆಗ ಮನೆ ಬಂತು ಅಂತ ಕೀಲಿ ತಿರುಗಿಸಿ ಇಳಿಯಬೇಡಿ, ಇನ್ನೊಂದು ಸುತ್ತು ಹೋಗಿ ಬನ್ನಿ.

ನಿಮಗೆ ಹೆದ್ದಾರಿ 150ಎ ಊರೊಳಗೇ ಇದೆ. ವಾರಕ್ಕೊಮ್ಮೆ ಮಸ್ಕಿಗೆ ಹೋಗಿ ಬಂದರೆ ಸಾಕು. ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕ ಊರು. ಮಕ್ಕಳಿಗೆ ಅದನ್ನೂ ತೋರಿಸಿದ ಹಾಗಾಗುತ್ತದೆ, ಫಿಲ್ಟರ್ರೂ ಸ್ವಚ್ಛ ಆಗುತ್ತದೆ.

ಸುಮಾರು ದೊಡ್ಡ ಡೀಸೆಲ್ ಗಾಡಿಗಳಿಗೆ ಇನ್ನೊಂದು ಟ್ಯಾಂಕು ಇರುತ್ತದೆ, ಆಡ್‌ಬ್ಲೂ ಅಂತ. ಡಿಇಎಫ್ ಅಂತಲೂ ಕರೆಯುತ್ತಾರೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡಲು ಹಾಕುವ ನೀರು. ಅದರಲ್ಲಿ 32.5% ಯೂರಿಯಾ, ಉಳಿದದ್ದು ಶುದ್ಧ ಮಾಡಿದ ನೀರು. ಇದು ನಮ್ಮ ಕಾಕಾನ ಕಿವಿಗೆ ಬಿತ್ತು. "ಅಂಗಡ್ಯಾಗ ಯೂರಿಯಾ ಇಟಗೊಂಡು ಹೊರಗ ಕೊಳ್ತೀಯೇನಲೇ? 266 ರೂಪಾಯಿಗೆ 45 ಕೆಜಿ ಚೀಲ ಬರ್ತದ, ಬಕೆಟ್‌ನ್ಯಾಗ ಕಲಸಿ ಹಾಕು." ಕಾಕಾ ವಾದದಲ್ಲಿ ಸೋತದ್ದು ನಾನು ನೋಡಿಲ್ಲ. ಅವತ್ತು ಮಾತ್ರ ನನಗೆ ನನ್ನ ಕಸುಬೇ ಸಹಾಯಕ್ಕೆ ಬಂತು. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪ ಇರುತ್ತದೆ, ಬೈಯುರೆಟ್ ಅನ್ನುವ ಅಂಶವೂ ಇರುತ್ತದೆ. ಗದ್ದೆಗೆ ಅದು ನಡೆಯುತ್ತದೆ. ಗಾಡಿಗೆ ಹಾಕಿದರೆ ಸಿಂಪಡಿಸುವ ನಳಿಗೆಯಲ್ಲೇ ಉಪ್ಪಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಅಲ್ಲದೆ ರೈತರ ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. ನನ್ನ ಲೈಸೆನ್ಸ್ ಹೋಗುತ್ತದೆ ಅಂದ ಮೇಲೆ ಕಾಕಾ ಸುಮ್ಮನಾದ. ನಿಮ್ಮ ಊರಲ್ಲೂ ಈ ಸಲಹೆ ಕೊಡುವವರು ಒಬ್ಬರಾದರೂ ಇರುತ್ತಾರೆ, ಕೇಳಬೇಡಿ.

ಇಲಿ. ಇದನ್ನು ಯಾವ ಶೋರೂಮಿನವರೂ ಹೇಳುವುದಿಲ್ಲ. ನಮ್ಮದು ಭತ್ತದ ಸೀಮೆ, ನಿಮ್ಮದೂ ಅದೇ. ಕೊಯ್ಲು ಮುಗಿದು ಗದ್ದೆ ಖಾಲಿಯಾದರೆ ಇಲಿಗಳು ಊರು ಸೇರುತ್ತವೆ. ರಾತ್ರಿ ನಿಲ್ಲಿಸಿದ ಗಾಡಿಯ ಎಂಜಿನ್ ಬೆಚ್ಚಗಿರುತ್ತದೆ, ಕತ್ತಲೆಯಿರುತ್ತದೆ. ಒಂದು ಬೆಳಿಗ್ಗೆ ಗಾಡಿ ಶುರುವಾಗಲಿಲ್ಲ. ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಅಚ್ಚುಕಟ್ಟಾದ ಗೂಡು. ಹತ್ತಿ, ಭತ್ತದ ಹೊಟ್ಟು, ನನ್ನ ಮಗಳ ಚಾಕೊಲೇಟಿನ ಬೆಳ್ಳಿ ಕಾಗದ. ಪಕ್ಕದಲ್ಲಿ ಎರಡು ವೈರು ಕತ್ತರಿಯಿಂದ ಕತ್ತರಿಸಿದಷ್ಟು ನೀಟಾಗಿ ತುಂಡು. ಸರ್ವಿಸ್ ಸೆಂಟರಿನವರು ಇಡೀ ವೈರಿಂಗ್ ಬದಲಿಸಬೇಕು, 38 ಸಾವಿರ ಅಂದರು. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಮುಕ್ಕಾಲು ಗಂಟೆಯಲ್ಲಿ ಎರಡೂ ವೈರು ಬೆಸೆದು, ಟೇಪು ಸುತ್ತಿ 700 ತೆಗೆದುಕೊಂಡ. ನನ್ನ ವಾರಂಟಿ ಮುಗಿದಿತ್ತು, ಹಾಗಾಗಿ ಧೈರ್ಯ ಮಾಡಿದೆ. ವಾರಂಟಿ ಇರುವಾಗ ಹೊರಗೆ ವೈರು ಮುಟ್ಟಿಸಿದರೆ ಆಮೇಲೆ ತಕರಾರು ಬರುತ್ತದೆ, ಯೋಚಿಸಿ. ಈಗ ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿ ಬಾನೆಟ್ ತೆರೆದೇ ಬಿಡುತ್ತೇನೆ. ಒಳಗೆ ಹೊಗೆಸೊಪ್ಪಿನ ಸಣ್ಣ ಗಂಟು ಕಟ್ಟಿದ್ದೇನೆ. ಎರಡರಲ್ಲಿ ಯಾವುದು ಕೆಲಸ ಮಾಡುತ್ತಿದೆಯೋ, ಇಲಿ ಅಂತೂ ಬಂದಿಲ್ಲ.

ಕೊಯ್ಲು ಅಂದಾಗ ನೆನಪಾಯ್ತು. ಕುಷ್ಟಗಿ ಕಡೆಯ ಹಳ್ಳಿ ದಾರಿಗಳಲ್ಲಿ ಹುರುಳಿ, ಸಜ್ಜೆ ರಸ್ತೆ ಮೇಲೆ ಹಾಸುತ್ತಾರಲ್ಲ, ಗಾಡಿಗಳು ತುಳಿದು ಒಕ್ಕಣೆ ಆಗಲಿ ಅಂತ. ಎತ್ತರದ ಗಾಡಿ, ಏನಾಗುತ್ತದೆ ಅಂತ ನುಗ್ಗಿಸಬೇಡಿ. ಹುರುಳಿ ಬಳ್ಳಿ ಗಾಲಿಯ ಆಕ್ಸಲ್‌ಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುತ್ತದೆ. ನನಗೆ ಕಮಟು ವಾಸನೆ ಬಂದು ಇಳಿದು ನೋಡಿದರೆ ಅಡಿಯಿಂದ ಹೊಗೆ. ಹೊಲದಲ್ಲಿದ್ದ ಅಜ್ಜ ಒಬ್ಬರು ಕುಡುಗೋಲು ತಂದು ಕುಯ್ದು ಕುಯ್ದು ಎಳೆದರು. ಎಳೆದು ಮುಗಿಸಿ, "ನಮ್ಮ ಹುರಳಿ ನಮಗ ಕೊಟ್ಟು ಹೋಗ್ರಿ" ಅಂತ ಆ ಸಿಂಬೆಯನ್ನೂ ಹೊತ್ತುಕೊಂಡು ಹೋದರು.

ಬಿಸಿಲಿನ ಬಗ್ಗೆ ರಾಯಚೂರು ಜಿಲ್ಲೆಯವರಿಗೆ ನಾನೇನು ಹೇಳಲಿ. ಬಿಳಿ ಬಣ್ಣ ತೆಗೆದುಕೊಳ್ಳಿ, ಕಪ್ಪು ಸೀಟು ಬೇಡ, ಹಿಂದಿನ ಸಾಲುಗಳಿಗೆ ಏಸಿ ಗಾಳಿ ಬರುತ್ತದಾ ನೋಡಿ. ಸನ್‌ರೂಫ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ನಮ್ಮದರಲ್ಲಿ ನೀರು ಹರಿದು ಹೋಗುವ ಸಣ್ಣ ಕೊಳವೆಗಳಿಗೆ ಧೂಳು ಕಟ್ಟಿ, ಮೊದಲ ಮಳೆಗೆ ಹೆಂಡತಿಯ ತಲೆ ಮೇಲೆ ತೊಟ್ಟಿಕ್ಕಿತು. ಏಸಿ ಫಿಲ್ಟರನ್ನು ಕಂಪನಿಯವರು ಹೇಳುವ ಅವಧಿಗಿಂತ ಮೊದಲೇ ತೆಗೆದು ಜಾಡಿಸಿ. ನಮ್ಮ ಧೂಳು ಅವರ ಪುಸ್ತಕದಲ್ಲಿಲ್ಲ.

ದುಡ್ಡಿನ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗೆ ಸೆಸ್ ತೆಗೆದು ಜಿಎಸ್‌ಟಿ 40% ಮಾಡಿದ್ದಾರೆ. ಮೊದಲು ಸೆಸ್ ಸೇರಿ 50%ವರೆಗೆ ಇತ್ತು. 4 ಮೀಟರ್ ಮೀರದ, 1,500 ಸಿಸಿ ಒಳಗಿನ ಡೀಸೆಲ್ ಗಾಡಿಗೆ 18%. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಇದೆ: 10ರಿಂದ 20 ಲಕ್ಷದ ಗಾಡಿಗೆ 17%, ಅದಕ್ಕೂ ಮೇಲಾದರೆ 18%. ಶೋರೂಮಿನ ಬೋರ್ಡಿನ ಬೆಲೆ ನೋಡಿ ಮನೆಯಲ್ಲಿ ಮಾತು ಕೊಡಬೇಡಿ, ಆನ್ ರೋಡ್ ಎಷ್ಟು ಅಂತ ಬರೆಸಿಕೊಳ್ಳಿ. ನನ್ನ ಗಾಡಿ ಊರಲ್ಲಿ ಲೀಟರಿಗೆ 10-11, ಹೆದ್ದಾರಿಯಲ್ಲಿ 15 ಕೊಡುತ್ತದೆ. ನಾಲ್ಕು ಟೈರು 48 ಸಾವಿರ ಕಿಲೋಮೀಟರಿಗೆ ಬದಲಿಸಿದೆ, 56 ಸಾವಿರ ಹೋಯಿತು. ಬೆಂಗಳೂರು ದಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿ. 2025ರ ಆಗಸ್ಟ್ 15ರಂದು ಶುರುವಾದಾಗ 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗೆ ಮಾತ್ರ.

ಬರೆದು ತೋರಿಸಲಾಗದ ಖರ್ಚು ಇನ್ನೊಂದಿದೆ. ಏಳು ಸೀಟಿನ ಗಾಡಿ ಇದೆ ಅಂದರೆ ಅದು ಬಂಧು-ಬಳಗದ ಗಾಡಿ. ಕನ್ಯೆ ನೋಡಲು, ಮಂತ್ರಾಲಯಕ್ಕೆ, ಆಸ್ಪತ್ರೆಗೆ, ಕೊಪ್ಪಳದ ಗವಿಮಠದ ಜಾತ್ರೆಗೆ. "ನಿಮ್ಮ ಗಾಡಿ ಖಾಲಿ ಐತೇನ್ರೀ?" ಅಂತ ಕೇಳುವುದೂ ಇಲ್ಲ, "ನಾಳೆ ಐದಕ್ಕ ಬಾಗಿಲಿಗೆ ತಾ" ಅಂತ ಹೇಳುತ್ತಾರೆ. ಹಳೆಯ ಚಿಕ್ಕ ಕಾರಿದ್ದಾಗ ಈ ಕಾಟ ಇರಲಿಲ್ಲ. ಆದರೂ ಹೇಳಬೇಕು, 2023ರಲ್ಲಿ ಅಪ್ಪನಿಗೆ ಎದೆನೋವು ಬಂದ ರಾತ್ರಿ ಹಿಂದಿನ ಸೀಟು ಮಡಚಿ ಮಲಗಿಸಿಕೊಂಡು ಹುಬ್ಬಳ್ಳಿಗೆ ಹೋದದ್ದು ಇದೇ ಗಾಡಿಯಲ್ಲಿ. ಅದಾದ ಮೇಲೆ ಮಾರುವ ಮಾತು ಮನೆಯಲ್ಲಿ ಯಾರೂ ಎತ್ತಿಲ್ಲ.

ನಿಮಗೆ ನನ್ನ ಸಲಹೆ ಇಷ್ಟೇ. ವಾರಕ್ಕೊಮ್ಮೆ ಹೆದ್ದಾರಿಗೆ ಒಯ್ಯುವ ಪುರುಸೊತ್ತು ಇದೆಯಾದರೆ ಡೀಸೆಲ್ ತೆಗೆದುಕೊಳ್ಳಿ. ಪೆಟ್ರೋಲಿಗಿಂತ ಮೊದಲೇ ಕೊಡುವ ಹೆಚ್ಚಿನ ದುಡ್ಡು ನಿಮ್ಮ ಬೆಂಗಳೂರು ಓಡಾಟದಲ್ಲಿ ನಿಧಾನಕ್ಕೆ ತುಂಬಿ ಬರುತ್ತದೆ, ಎಷ್ಟು ವರ್ಷಕ್ಕೆ ಅನ್ನುವುದನ್ನು ನೀವೇ ಲೆಕ್ಕ ಹಾಕಿ ನೋಡಿ. ಪುರುಸೊತ್ತು ಇಲ್ಲವಾದರೆ, ಗಾಡಿ ದಿನಾ ಶಾಲೆಗೆ ಹೋಗಿ ಬರುವುದಷ್ಟೇ ಆದರೆ, ಪೆಟ್ರೋಲ್ ತೆಗೆದುಕೊಳ್ಳಿ. ಊರಲ್ಲಿ 8-9 ಕೊಟ್ಟೀತು, ಬೈದುಕೊಳ್ಳುತ್ತೀರಿ, ಆದರೆ ಹಳದಿ ದೀಪದ ಚಿಂತೆ ಇರುವುದಿಲ್ಲ. ಹೈದರಾಬಾದಿನಲ್ಲಿರುವ ನನ್ನ ತಮ್ಮ ಎರಡೂ ಬೇಡ, ಎಲೆಕ್ಟ್ರಿಕ್ ತಗೊಳ್ಳಿ ಅನ್ನುತ್ತಾನೆ. ನಾನು ಅದನ್ನು ಇಟ್ಟುಕೊಂಡಿಲ್ಲ, ಹಾಗಾಗಿ ಮಾತಾಡುವುದಿಲ್ಲ.

ಬೇಕಿದ್ದರೆ ಒಂದು ದಿನ ಗಂಗಾವತಿಗೆ ಬನ್ನಿ, ಅತ್ತೆಯವರನ್ನೂ ಕರೆತನ್ನಿ. ಹತ್ತಿ ಇಳಿದು ನೋಡಲಿ. ಮಣೆ ಗಾಡಿಯಲ್ಲೇ ಇರುತ್ತದೆ.