ಸಿಬಿಲ್ 618 ಇದ್ದರೆ ಮನೆ ಸಾಲದ ಆಸೆ ಬಿಡಬೇಕಾ?

ಪ್ರಶ್ನೆ: ನನಗೆ 36 ವರ್ಷ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ, ಕೈಗೆ ₹46,000 ಬರುತ್ತೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ₹22,000 ಸಂಬಳ. ನನ್ನ ಹೆಸರಲ್ಲಿ 30x40 ಸೈಟ್ ಇದೆ. ಮನೆ ಕಟ್ಟಲು ₹28 ಲಕ್ಷ ಸಾಲ ಬೇಕು. 2020ರ ಲಾಕ್‌ಡೌನ್‌ನಲ್ಲಿ ಅರ್ಧ ಸಂಬಳ ಬಂದಿದ್ದರಿಂದ ಕ್ರೆಡಿಟ್ ಕಾರ್ಡ್ ಕಟ್ಟಲು ಆಗಲಿಲ್ಲ. ₹64,000 ಬಾಕಿಯನ್ನು 2021ರಲ್ಲಿ ₹30,000ಕ್ಕೆ ಸೆಟ್ಲ್ ಮಾಡಿಕೊಂಡೆ. ಈಗ ಸ್ಕೋರ್ 618, ಬ್ಯಾಂಕ್ ಸಾಲ ಇಲ್ಲ ಅಂತು. ಒಂದು ಫೈನಾನ್ಸ್ ಕಂಪನಿ 12.5% ಬಡ್ಡಿಗೆ ಕೊಡಲು ರೆಡಿ ಇದೆ. ಒಬ್ಬ ಏಜೆಂಟ್ ₹15,000 ಕೊಟ್ಟರೆ ಸಿಬಿಲ್ ಕ್ಲೀನ್ ಮಾಡಿಸ್ತೀನಿ ಅಂತಾನೆ. ಹೆಂಡತಿ ಹೆಸರಲ್ಲಿ ಸಾಲ ತೆಗೆಯಿರಿ ಅಂತ ಗೆಳೆಯರು ಹೇಳ್ತಾರೆ. ಯಾವ ದಾರಿ ಹಿಡಿಯಲಿ?
— ಹೆಸರು ಬೇಡ, ತುಮಕೂರು

ಉತ್ತರ: ಆ ಏಜೆಂಟ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪ್ಯಾನ್ ನಂಬರ್, ಓಟಿಪಿ ಕೂಡ ಕೊಡಬೇಡಿ. ಸಿಬಿಲ್ ಅಂದರೆ ನಮ್ಮ ಸಾಲಗಳ ದಾಖಲೆ ಇಟ್ಟು ಸ್ಕೋರ್ ಕೊಡುವ ಕಂಪನಿ. ಅಲ್ಲಿ ಇರುವುದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕು ಕಳಿಸಿದ ಮಾಹಿತಿ. ಅದೇ ಬ್ಯಾಂಕು ಹೊಸ ಮಾಹಿತಿ ಕಳಿಸಿದರೆ ಮಾತ್ರ ಅದು ಬದಲಾಗುತ್ತದೆ. ನಡುವಿನವರು ಯಾರೂ ಅದನ್ನು ಅಳಿಸಲು ಆಗುವುದಿಲ್ಲ.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಅರ್ಜಿ ಬಂದಾಗ ಸ್ಕೋರ್ ಮೇಲೆ ಕಣ್ಣಾಡಿಸಿ, ನೇರ ಒಳಗಿನ ಪುಟಗಳಿಗೆ ಹೋಗುತ್ತಿದ್ದೆ. ಅಲ್ಲಿ ಒಂದೊಂದು ಸಾಲಕ್ಕೂ ತಿಂಗಳುಗಳ ಸಾಲು, ಪ್ರತಿ ತಿಂಗಳಿಗೂ ಒಂದು ಮೂರಂಕಿ ಇರುತ್ತದೆ. 000 ಅಂದರೆ ಬಾಕಿ ಇಲ್ಲ. 030 ಅಂದರೆ ಮೂವತ್ತು ದಿನ ತಡ. 90 ದಿನ ದಾಟಿತೋ, ಬ್ಯಾಂಕಿನ ಲೆಕ್ಕದಲ್ಲಿ ಆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. 2020ರಲ್ಲಿ 030, 060, 091 ಅಂತ ಏರಿದ್ದು, ಆಮೇಲಿನ ಸಾಲಗಳಲ್ಲಿ ಬರೀ 000 ಇದ್ದರೆ ಏನಾಗಿತ್ತು ಅನ್ನೋದು ಅನುಭವ ಇರುವ ಯಾವ ಅಧಿಕಾರಿಗೂ ಗೊತ್ತಾಗುತ್ತದೆ. ಲಾಕ್‌ಡೌನ್ ಕಾಲದ ಸಂಬಳದ ಚೀಟಿ ಜೊತೆಗಿಟ್ಟರೆ ಅದನ್ನು ಮೇಲಿನವರಿಗೆ ವಿವರಿಸಿ ಬರೆಯಬಹುದು.

ವಿವರಿಸಲು ಕಷ್ಟವಾಗುವುದು ನಿಮ್ಮ ಕಾರ್ಡ್ ಖಾತೆಯ ಮುಂದೆ ಇರುವ 'ಸೆಟ್ಲ್ಡ್' ಅನ್ನುವ ಗುರುತು. ಈ ಗಿರಾಕಿಯಿಂದ ಒಂದು ಬ್ಯಾಂಕಿಗೆ ₹34,000 ಬರಲೇ ಇಲ್ಲ ಅಂತ ಅದು ಮುಂದಿನ ಬ್ಯಾಂಕಿಗೆ ಹೇಳುತ್ತದೆ. ಸೆಟ್ಲ್ ಮಾಡಿಸುವಾಗ ವಸೂಲಿಯವರು ಇದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. 'ಇಷ್ಟು ಕಟ್ಟಿ, ಮುಗೀತು' ಅಂತಾರೆ. ವರ್ಷಗಳಾದ ಮೇಲೆ ಮನೆ ಸಾಲಕ್ಕೆ ಬಂದು, ವಿಷಯ ಗೊತ್ತಾಗಿ ಮುಖ ಬಾಡಿಸಿಕೊಂಡು ಹೋದ ಎಷ್ಟೋ ದಂಪತಿಗಳನ್ನು ನೋಡಿದ್ದೇನೆ. ನನಗೆ ಇವತ್ತಿಗೂ ಅದರ ಬಗ್ಗೆ ಸಿಟ್ಟಿದೆ.

ಇದಕ್ಕೆ ದಾರಿ ಇದೆ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಪತ್ರ ಬರೆಯಿರಿ. ಬಿಟ್ಟುಕೊಟ್ಟಿದ್ದ ಬಾಕಿಯನ್ನು ಕಟ್ಟಲು ಸಿದ್ಧ, ಎಷ್ಟು ಕಟ್ಟಬೇಕು ತಿಳಿಸಿ ಅಂತ ಕೇಳಿ. ಬಡ್ಡಿ ಸೇರಿಸಿ ಜಾಸ್ತಿ ಹೇಳಿದರೆ ಚೌಕಾಸಿ ಮಾಡಿ. ಒಪ್ಪಿದ ಮೊತ್ತ, ಮತ್ತು ಕಟ್ಟಿದ ಮೇಲೆ ಖಾತೆಯನ್ನು 'ಕ್ಲೋಸ್ಡ್' ಅಂತ ತೋರಿಸುತ್ತೇವೆ ಅನ್ನುವ ಮಾತು, ಎರಡೂ ಬರಹದಲ್ಲಿ ಬಂದ ಮೇಲೇ ದುಡ್ಡು ಕಟ್ಟಿ. ಬಾಕಿ ಇಲ್ಲ ಅನ್ನುವ ಪ್ರಮಾಣಪತ್ರ ತೆಗೆದುಕೊಂಡು ಜೋಪಾನವಾಗಿಡಿ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು. ಹಾಗಾಗಿ ಒಂದೆರಡು ತಿಂಗಳಲ್ಲಿ ವರದಿ ತೆಗೆದು ನೋಡಿ. ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ಹಳೇ ತಡದ ಗುರುತುಗಳು ಇನ್ನೂ ಕೆಲವು ವರ್ಷ ಇರುತ್ತವೆ, ಆದರೆ ಹಳತಾದಷ್ಟೂ ಅವುಗಳ ತೂಕ ಕಡಿಮೆ.

ಹೆಂಡತಿ ಹೆಸರಿನ ವಿಷಯ. ಸೈಟ್ ನಿಮ್ಮದು. ಆಸ್ತಿ ಯಾರ ಹೆಸರಲ್ಲಿದೆಯೋ ಅವರು ಸಾಲದಲ್ಲಿ ಸೇರಲೇಬೇಕು ಅಂತ ಬ್ಯಾಂಕುಗಳು ಕೇಳುತ್ತವೆ. ಅಂದರೆ ನಿಮ್ಮ ವರದಿ ಹೇಗೂ ತೆಗೆಯುತ್ತಾರೆ. ಅವರೊಬ್ಬರ ಸಂಬಳದ ಅರ್ಧ, ₹11,000, ಕಂತಿಗೆ ಹೋದರೂ 20 ವರ್ಷಕ್ಕೆ ಸಿಗುವುದು ₹12 ಲಕ್ಷದ ಆಸುಪಾಸು. ಆದರೆ ಜೊತೆ ಅರ್ಜಿದಾರರಾಗಿ ಅವರು ಬೇಕೇ ಬೇಕು. ಇಬ್ಬರ ಆದಾಯ ಸೇರಿದರೆ ನಿಮ್ಮ ಅರ್ಜಿಗೆ ಬಲ ಬರುತ್ತದೆ.

ಈಗ ಫೈನಾನ್ಸ್ ಕಂಪನಿಯ ಲೆಕ್ಕ. ₹28 ಲಕ್ಷ, 20 ವರ್ಷ. ಬ್ಯಾಂಕಿನಲ್ಲಿ 8.5% ಬಡ್ಡಿ ಅಂದುಕೊಂಡರೆ ಕಂತು ಸುಮಾರು ₹24,300. 12.5%ಗೆ ಸುಮಾರು ₹31,800. ತಿಂಗಳಿಗೆ ₹7,500 ಜಾಸ್ತಿ. ಇಪ್ಪತ್ತು ವರ್ಷಕ್ಕೆ ₹18 ಲಕ್ಷ! ಬಾಕಿ ತೀರಿಸಿ, ಒಂದು ವರ್ಷ ಎಲ್ಲಾ ಕಂತುಗಳನ್ನೂ ದಿನ ತಪ್ಪದೆ ಕಟ್ಟಿ, ಆಮೇಲೆ ಬ್ಯಾಂಕಿಗೆ ಹೋಗಿ. ಅಲ್ಲಿಯವರೆಗೆ ಕಂಡಕಂಡ ಕಡೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ವರದಿಯಲ್ಲಿ ದಾಖಲಾಗುತ್ತದೆ. ಇದ್ದ ಉಳಿತಾಯವನ್ನು ಬೆಳೆಸಿ, ಸಾಲದ ಮೊತ್ತ ಇಳಿಸಿ. ಕಾಯಲು ಆಗುವುದೇ ಇಲ್ಲ ಅನ್ನುವ ಪರಿಸ್ಥಿತಿ ಇದ್ದರೆ ಕಂಪನಿಯ ಸಾಲವನ್ನು ಫ್ಲೋಟಿಂಗ್ ಬಡ್ಡಿಗೇ, ಅಂದರೆ ಕಾಲಕಾಲಕ್ಕೆ ಏರಿಳಿಯುವ ಬಡ್ಡಿಗೇ ತೆಗೆದುಕೊಳ್ಳಿ. ಸ್ವಂತ ಮನೆಗೆ ತೆಗೆದ ಫ್ಲೋಟಿಂಗ್ ಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಸ್ಕೋರ್ ಏರಿದ ಮೇಲೆ ಬ್ಯಾಂಕಿಗೆ ವರ್ಗಾಯಿಸಬಹುದು.

ಸೈಟಿಗೆ ಇ-ಖಾತೆ ಆಗಿದೆಯಾ, ಎ ಖಾತೆಯಾ ಬಿ ಖಾತೆಯಾ, ನೀವು ಬರೆದಿಲ್ಲ. ಬಿ ಖಾತೆ ಆಗಿದ್ದರೆ ಸ್ಕೋರ್ 800 ಇದ್ದರೂ ಎಷ್ಟೋ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಕಾಯುವ ಈ ವರ್ಷದಲ್ಲಿ ಕಾಗದಪತ್ರವನ್ನೂ ಸರಿ ಮಾಡಿಕೊಳ್ಳಿ.

ಪ್ರಶ್ನೆ: ನಾನು ತೆಗೆದುಕೊಳ್ಳದ ₹85,000 ಪರ್ಸನಲ್ ಲೋನ್ ನನ್ನ ವರದಿಯಲ್ಲಿದೆ. ಇದರಿಂದ ಮನೆ ಸಾಲ ನಿಂತಿದೆ. ಕಟ್ಟಿ ಮುಗಿಸಿಬಿಡಿ ಅಂತಾರೆ ಮನೆಯವರು.
— ಓದುಗ, ಧಾರವಾಡ

ಉತ್ತರ: ಕಟ್ಟಬೇಡಿ. ಕಟ್ಟಿದರೆ ಆ ಸಾಲ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ. ಸಿಬಿಲ್ ಅಲ್ಲದೆ ಅಂಥದ್ದೇ ಕಂಪನಿಗಳಾದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ವರದಿಗಳನ್ನೂ ತೆಗೆಯಿರಿ. ತಪ್ಪು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಆನ್‌ಲೈನ್‌ನಲ್ಲಿ ದೂರು ಹಾಕಿ, ಇದಕ್ಕೆ ಶುಲ್ಕ ಇಲ್ಲ. ಸಾಲ ತೋರಿಸುತ್ತಿರುವ ಕಂಪನಿಗೂ ಬರೆದು, ಅರ್ಜಿಯ ಪ್ರತಿ ಮತ್ತು ಹಣ ಹೋದ ಖಾತೆಯ ವಿವರ ಕೇಳಿ. 30 ದಿನದಲ್ಲಿ ಇತ್ಯರ್ಥ ಮಾಡಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ. ಆಗಲೂ ಆಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ನಿಮ್ಮ ಪ್ಯಾನ್ ಬಳಸಿ ಬೇರೆಯವರು ಸಾಲ ಎತ್ತಿದ್ದು ಗೊತ್ತಾದರೆ ಅವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಟೈಲರಿಂಗ್ ಅಂಗಡಿ ಇದೆ. ಒಂದೂ ಸಾಲ ಮಾಡಿದವಳಲ್ಲ. ಸ್ಕೋರ್ -1 ಅಂತ ತೋರಿಸುತ್ತೆ. ನನಗೂ ಮನೆ ಸಾಲ ಇಲ್ವಾ?
— ಓದುಗಳು, ಸಾಗರ

ಉತ್ತರ: ನಿಮ್ಮ ಸ್ಕೋರ್ ಕೆಟ್ಟಿಲ್ಲ, ಇನ್ನೂ ಹುಟ್ಟಿಲ್ಲ ಅಷ್ಟೇ. ಸಾಲದ ಇತಿಹಾಸ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬೇಡಿ ಅಂತ ಆರ್‌ಬಿಐ 2025ರಲ್ಲಿ ಹೇಳಿದೆ. ನೀವು ತೋರಿಸಬೇಕಾದ್ದು ಆದಾಯ. ಐಟಿ ರಿಟರ್ನ್, ಅಂಗಡಿಯ ಲೈಸೆನ್ಸ್, ಯುಪಿಐ ಹಣ ಬೀಳುವ ಖಾತೆಯ ಒಂದು ವರ್ಷದ ಸ್ಟೇಟ್‌ಮೆಂಟ್, ಇವಿಷ್ಟು ಹಿಡಿದು ನಿಮ್ಮ ಖಾತೆ ಇರುವ ಶಾಖೆಗೇ ಮೊದಲು ಹೋಗಿ.