ಸ್ಟ್ರೋಕ್ ಆದ ಮೇಲೆ ಅಪ್ಪನಿಗೆ ಲೆಕ್ಕ ತಪ್ಪುತ್ತಿದೆ, ಇದು ವಯಸ್ಸಿನ ಮರೆವಾ?

ಬರೀ ವಯಸ್ಸಿನ ಮರೆವು ಅನ್ನಿಸುತ್ತಿಲ್ಲ. ಎರಡು ವರ್ಷದ ಹಿಂದೆ ಸ್ಟ್ರೋಕ್, ಮೊದಲಿಂದಲೂ ಬಿಪಿ, ಕೆಲವು ತಿಂಗಳು ಸರಿಯಿದ್ದು ಮತ್ತೆ ಒಂದು ಮೆಟ್ಟಿಲು ಇಳಿದ ಹಾಗೆ ಕುಗ್ಗುತ್ತಾರೆ ಅಂತ ಬರೆದಿದ್ದೀರಿ. ಮೆದುಳಿನ ರಕ್ತನಾಳ ಕೆಟ್ಟು ಯೋಚನೆ, ನೆನಪು ಕುಗ್ಗುವ ಕಾಯಿಲೆ, ಅಂದರೆ ವ್ಯಾಸ್ಕುಲರ್ ಡಿಮೆನ್ಶಿಯಾ ಇರಬಹುದು. ನಮ್ಮ ಅತ್ತೆಗೂ ಹೀಗೇ ಆಗಿತ್ತು. ಹೆಸರು, ಹಳೇ ಮಾತು ಎಲ್ಲ ನೆನಪಿತ್ತು. ಆದರೆ ಲೋಟಕ್ಕೆ ಡಿಕಾಕ್ಷನ್ ಹಾಕಿ, ಮುಂದೇನು ಅಂತ ಗೊತ್ತಾಗದೆ ನಿಂತುಬಿಡುತ್ತಿದ್ದರು. 'ಹಾಲು' ಅಂದರೆ ಸಾಕು, ಉಳಿದದ್ದು ತಾವೇ ಮಾಡುತ್ತಿದ್ದರು. ಜೊತೆಗೆ ಆಲ್ಜೈಮರ್ ಅನ್ನುವ ಇನ್ನೊಂದು ಮರೆವಿನ ಕಾಯಿಲೆ ಸೇರಿಕೊಂಡಿರುವುದೂ ಉಂಟು, ಪರೀಕ್ಷೆ ಇಲ್ಲದೆ ಹೇಳಲಾಗದು.

ಮೊದಲು ನ್ಯೂರಾಲಜಿಸ್ಟ್‌ಗೆ ತೋರಿಸಿ. ಹಳೇ ಸ್ಕ್ಯಾನ್, ಈಗ ನುಂಗುತ್ತಿರುವ ಅಷ್ಟೂ ಮಾತ್ರೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಿದ್ದೆ ಮಾತ್ರೆ, ಕೆಲವು ನೆಗಡಿ ಮಾತ್ರೆಗಳೂ ತಲೆ ಮಂಕು ಮಾಡುತ್ತವೆ. ಬಿ12, ಥೈರಾಯ್ಡ್, ಸೋಡಿಯಂ ನೋಡಿಸಿ, ಇವು ಸರಿಪಡಿಸಬಹುದಾದವು. ಎಂಆರ್‌ಐ ಬೇಕಾ ಅಂತ ಕೇಳಿ. ಇಸಿಜಿಯೂ ಆಗಲಿ. ಎದೆಬಡಿತದ ಲಯ ತಪ್ಪಿದ್ದರೆ ಮತ್ತೆ ಸ್ಟ್ರೋಕ್ ಆಗುವ ಸಾಧ್ಯತೆ ಜಾಸ್ತಿ. ಸದಾ ಸುಮ್ನೆ ಕೂರುತ್ತಾರೆ ಅಂದಿರಲ್ಲ, ಅದು ಖಿನ್ನತೆಯೂ ಇರಬಹುದು, ಮರೆಯದೆ ಹೇಳಿ.

ಆಮೇಲೆ ಮನೆಯಲ್ಲೇ ಬಿಪಿ ನೋಡಿ ಬರೆದಿಡಿ. ಹೋದದ್ದನ್ನು ಪೂರ್ತಿ ವಾಪಸ್ ತರುವ ಮಾತ್ರೆ ಇಲ್ಲ. ಮುಂದಿನ ಸ್ಟ್ರೋಕ್ ತಡೆಯುವುದೇ ದೊಡ್ಡ ಕೆಲಸ. 'ಈಗ ಚೆನ್ನಾಗಿದ್ದಾರಲ್ಲ' ಅಂತ ರಕ್ತ ತೆಳು ಮಾಡುವ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ರಾತ್ರಿಯೂ ಸಿಟಿ ಸ್ಕ್ಯಾನ್ ಮಾಡುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿಡಿ.