ದೇವರ ಹೆಸರೆತ್ತದೆ ಕಾರಣ ಕೊಡು

ನಂಬಿಕೆಯುಳ್ಳ ಒಬ್ಬರು ಮತ್ತು ನಂಬಿಕೆಯಿಲ್ಲದ ಒಬ್ಬರು ಮದುವೆಯಾಗಿ, ಕೆಲವು ವರ್ಷ ನೆಮ್ಮದಿಯಿಂದ ಬಾಳಿ, ಮಗು ಹುಟ್ಟಿದ ಮೇಲೆ ಆಪ್ತಸಲಹೆಗೆ ಬರುವುದು ಅಪರೂಪವೇನಲ್ಲ. ಇಬ್ಬರೇ ಇದ್ದಾಗ ನಿನ್ನದು ನಿನಗೆ, ನನ್ನದು ನನಗೆ ಎಂಬ ಹೊಂದಾಣಿಕೆ ನಡೆಯುತ್ತದೆ. ಮಗು ಇಬ್ಬರಿಗೂ ಸೇರಿದ್ದಾದ್ದರಿಂದ ಆ ಹೊಂದಾಣಿಕೆ ಅಲ್ಲಿಗೆ ಮುಗಿಯುತ್ತದೆ. ಅಂತಹ ಒಂದು ದಂಪತಿಯ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಅವರ ನಡುವೆ ನಡೆದ ವಾದ ಮನೆಯೊಳಗಿನದೇ ಆದರೂ, ಭಕ್ತರೂ ಭಕ್ತರಲ್ಲದವರೂ ಒಂದೇ ಸಮಾಜದಲ್ಲಿ ಸಮಾನ ಪ್ರಜೆಗಳಾಗಿ ಬಾಳಬೇಕಾದಾಗ ಏಳುವ ವಾದದಿಂದ ಅದು ಹೆಚ್ಚು ಬೇರೆಯಾಗಿರಲಿಲ್ಲ. ಆ ದೊಡ್ಡ ವಾದದಲ್ಲಿ ಬಳಕೆಯಾಗುವ ಒಂದು ನಿಯಮವನ್ನು ಇವರು ಮನೆಗೆ ತಂದುಕೊಂಡಿದ್ದರು, ಮತ್ತು ಅದೇ ಇವರನ್ನು ಬೇರೆ ಮಾಡುವ ಹಂತಕ್ಕೆ ತಂದಿತ್ತು.

ಪತ್ನಿ ಕ್ರೈಸ್ತರು, ಶಿಶುಗಳಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ, ಕೊಡುವ ಸಭೆಯಲ್ಲಿ ಹುಟ್ಟಿ ಬೆಳೆದವರು. ಪತಿ ಯಾವ ಧರ್ಮದ ಆಚರಣೆಯೂ ಇಲ್ಲದ ಮನೆಯಿಂದ ಬಂದವರು, ಬಹಳ ಓದಿಕೊಂಡವರು. ಮಗುವಿಗೆ ದೀಕ್ಷಾಸ್ನಾನ ಮಾಡಿಸಬೇಕೇ ಬೇಡವೇ ಎಂಬುದು ಜಗಳದ ವಿಷಯ. ಮಗು ದೊಡ್ಡದಾಗಿ ತಾನೇ ಆರಿಸಿಕೊಳ್ಳಲಿ, ಅಲ್ಲಿಯವರೆಗೆ ಏನೂ ಬೇಡ ಎಂಬುದು ಪತಿಯ ನಿಲುವು. ಅದು ಯಾರ ಪಕ್ಷಕ್ಕೂ ಸೇರದ ನಡುವಿನ ಜಾಗ ಎಂದೇ ಅವರು ಪ್ರಾಮಾಣಿಕವಾಗಿ ನಂಬಿದ್ದರು. ಏನೂ ಮಾಡದಿರುವುದೆಂದರೆ ಪತಿಯ ಮಾತೇ ನಡೆಯುವುದು ಎಂದು ಪತ್ನಿಗೆ ಅನ್ನಿಸಿತ್ತು. ಬಂಧುಗಳು ಬೆಂಕಿಗೆ ತುಪ್ಪ ಸುರಿದಿದ್ದರು. ದೇವರ ಭಯವಿಲ್ಲದವನ ಮಾತಿಗೆ ಏನು ಬೆಲೆ ಎಂದು ಅತ್ತೆ ಅಳಿಯನ ಎದುರೇ ಹೇಳಿದ್ದರು. ತಲೆಗೆ ನಾಲ್ಕು ಹನಿ ನೀರು ಬಿದ್ದರೆ ಏನಾದೀತು, ಮಾಡಿಸಿ ಮುಗಿಸಿಬಿಡಿ ಎಂದು ಪತಿಯ ಅಣ್ಣ ನಕ್ಕಿದ್ದರು. ಎರಡನೆಯ ಮಾತು ಮೊದಲನೆಯದರಷ್ಟೇ ನೋಯಿಸಿತ್ತು ಎಂಬುದು ಪತಿಗೆ ಬಹಳ ತಡವಾಗಿ ತಿಳಿಯಿತು.

ಪತಿ ಹಟಮಾರಿಯಲ್ಲ. ತನಗೆ ಒಪ್ಪಿಗೆಯಾಗುವ ಕಾರಣ ಕೊಟ್ಟರೆ ಬಿಟ್ಟುಕೊಡಲು ಸಿದ್ಧ ಎಂದು ಮೊದಲ ಭೇಟಿಯಲ್ಲೇ ಹೇಳಿದ್ದರು. ಆದರೆ ಅವರದೊಂದು ಷರತ್ತಿತ್ತು: ದೇವರ ಹೆಸರೆತ್ತದೆ, ಬೈಬಲ್ ತೆರೆಯದೆ, ನಂಬಿಕೆಯಿಲ್ಲದವನೂ ಒಪ್ಪಬಹುದಾದ ಕಾರಣವನ್ನೇ ಕೊಡಬೇಕು. ಇದಕ್ಕೆ ಅವರು ಜಾನ್ ರಾಲ್ಸ್ ಹೆಸರು ಹೇಳಿದರು. ಭಿನ್ನ ನಂಬಿಕೆಗಳ ಪ್ರಜೆಗಳು ಒಬ್ಬರ ಮೇಲೊಬ್ಬರು ಕಾನೂನು ಹೇರುವಾಗ ಎಲ್ಲರೂ ಒಪ್ಪಬಹುದಾದ ಕಾರಣಗಳನ್ನೇ ಮುಂದಿಡಬೇಕು ಎಂದು ಆ ಅಮೆರಿಕನ್ ತತ್ವಜ್ಞಾನಿ 1993ರಲ್ಲಿ ವಾದಿಸಿದ್ದುಂಟು. ಪತ್ನಿಗೆ ಈ ಷರತ್ತು ತಪ್ಪೆಂದು ತೋರುತ್ತಿತ್ತೇ ಹೊರತು ಏಕೆ ತಪ್ಪು ಎಂದು ಹೇಳಲಾಗುತ್ತಿರಲಿಲ್ಲ. ಆದ್ದರಿಂದ ಪ್ರತಿ ವಾದವೂ ಅವರ ಮೌನದಲ್ಲಿ ಮುಗಿಯುತ್ತಿತ್ತು, ಆ ಮೌನವನ್ನು ಪತಿ ಸೋಲೆಂದು ಎಣಿಸುತ್ತಿದ್ದರು.

ಕೆಲವು ಭೇಟಿಗಳ ನಂತರ ಇಬ್ಬರಿಗೂ ಒಂದು ಕೆಲಸ ಕೊಟ್ಟೆ. ಎದುರಿನವರ ಕಾರಣವನ್ನು, ಅವರು ಹೌದು, ನಾನು ಹೇಳುವುದು ಇದನ್ನೇ ಎನ್ನುವ ಹಾಗೆ, ಅವರ ಪರವಾಗಿ ಹೇಳಬೇಕು. ಪತ್ನಿ ಮೊದಲು ಮಾತನಾಡಿದರು. "ಒಪ್ಪಿಗೆ ಕೊಡಲಾಗದ ಮಗುವಿನ ಮೇಲೆ ನಾವು ಗುರುತು ಒತ್ತಬಾರದು, ನಾಳೆ ಅದು ಬೇರೆ ದಾರಿ ಹಿಡಿದರೆ ಅಮ್ಮನಿಗೆ ದ್ರೋಹ ಮಾಡಿದೆ ಎಂದು ಕೊರಗಬಾರದು. ಇವರು ಹೇಳುವುದು ಇದು." ಎರಡನೆಯ ಭಾಗವನ್ನು ತಾನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮನಸ್ಸಿನಲ್ಲಿದ್ದದ್ದು ಅದೇ ಎಂದು ಪತಿ ಒಪ್ಪಿದರು. ತಮ್ಮ ಸರದಿ ಬಂದಾಗ ಅವರು ಹೆಚ್ಚು ಯೋಚಿಸಲಿಲ್ಲ. "ಇವಳಿಗೆ ಭಯ. ಮಗುವಿಗೆ ಏನಾದರೂ ಆದೀತು, ಅಮ್ಮ ಏನೆಂದುಕೊಂಡಾರು, ಸಭೆಯವರು ಏನೆಂದಾರು ಎಂಬ ಭಯ."

"ಅಲ್ಲ," ಎಂದರು ಪತ್ನಿ. "ಏನು ಎಂದು ನೀವು ಒಮ್ಮೆಯೂ ಕೇಳಿಲ್ಲ."

ಆಮೇಲೆ ಅವರು ಹೇಳಿದ್ದು ಇಷ್ಟು. ಅವರು ಶಾಲೆಗೆ ಹೋಗುವ ವಯಸ್ಸಿನಲ್ಲಿದ್ದಾಗ ತಂದೆ ತೀರಿಕೊಂಡರು. ತಾಯಿ ಕೆಲಸಕ್ಕೆ ಹೋಗಲೇಬೇಕಾಯಿತು. ದೀಕ್ಷಾಸ್ನಾನದ ದಿನ ಜ್ಞಾನತಾಯಿಯಾಗಿ ನಿಂತಿದ್ದ ಹೆಂಗಸು, ರಕ್ತಸಂಬಂಧವೇನೂ ಇಲ್ಲದವರು, ಇವರನ್ನು ಪ್ರತಿ ಸಂಜೆ ತಮ್ಮ ಮನೆಯಲ್ಲಿ ಇರಿಸಿಕೊಂಡು ಓದಿಸಿದರು. ಸಭೆಯವರು ಶಾಲೆಯ ಖರ್ಚು ನೋಡಿಕೊಂಡರು. ಕೇಳುತ್ತ ಕೇಳುತ್ತ ಪತಿಯ ಮುಖ ಹಗುರಾಯಿತು. "ಇದನ್ನು ಮೊದಲೇ ಹೇಳಬಾರದಿತ್ತೇ? ಇದು ನನಗೂ ಅರ್ಥವಾಗುವ ಕಾರಣ. ಮಗುವಿಗೆ ಆಸರೆಯಾಗುವ ಒಂದು ಬಳಗ ಬೇಕು ಎನ್ನುತ್ತೀಯ. ಇದಕ್ಕೆ ನನ್ನ ಅಡ್ಡಿಯೇನಿಲ್ಲ."

ಸಲಹೆಗಾರರಿಗೆ ಇಲ್ಲಿ ಕಡತ ಮುಚ್ಚುವ ಆಸೆಯಾಗುವುದು ಸಹಜ, ಏಕೆಂದರೆ ಕೇಳಿದ್ದು ಸಿಕ್ಕಿತ್ತು, ಒಪ್ಪಿಗೆಯೂ ಬಂದಿತ್ತು. ಪತ್ನಿ ಮಾತ್ರ ಮೊದಲ ಬಾರಿಗೆ ಸಿಟ್ಟಾದರು.

"ನೀವು ಒಪ್ಪಿದ್ದು ನನ್ನ ಕಾರಣವನ್ನಲ್ಲ. ಅದರೊಳಗಿನಿಂದ ದೇವರನ್ನು ತೆಗೆದು, ಉಳಿದದ್ದನ್ನು ಒಪ್ಪಿದಿರಿ. ಆಕೆ ನನ್ನನ್ನು ನೋಡಿಕೊಂಡಿದ್ದು ಅಯ್ಯೋ ಪಾಪ ಎಂದಲ್ಲ. ನಾನು ಕೈಗೂಸಾಗಿದ್ದಾಗ ದೇವರ ಮುಂದೆ ನನ್ನ ವಿಷಯದಲ್ಲಿ ಒಂದು ಮಾತು ಕೊಟ್ಟಿದ್ದರು, ಅದಕ್ಕೆ. ಆ ಮಾತಿಲ್ಲದಿದ್ದರೆ ಆಕೆಗೆ ನಾನು ಯಾರೂ ಅಲ್ಲ. ನಿಮ್ಮ ಕಾರಣ ಹೇಳುವಾಗ ನೀವು ಏನನ್ನೂ ಬಿಟ್ಟು ಹೇಳಬೇಕಾಗಿಲ್ಲ. ನಾನು ಮಾತ್ರ ಅರ್ಧ ಮುಚ್ಚಿಟ್ಟು ಹೇಳಬೇಕು. ಇದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಲ್ಲವೇ?"

ಪತಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆಯಿತು. ದೇವರು ಹೀಗೆ ಹೇಳಿದ್ದಾನೆ ಎಂದು ನೀನು ಹೇಳಿದಾಗ ನಾನು ಏನು ಉತ್ತರ ಕೊಡಲಿ? ಅಲ್ಲಿಗೆ ನನ್ನ ಬಾಯಿಗೆ ಬೀಗ ಬೀಳುವುದಿಲ್ಲವೇ?"

ಈ ಎರಡು ಪ್ರಶ್ನೆಗಳೇ ಪ್ರಕರಣದ ತಿರುಳು, ಮತ್ತು ನನ್ನ ದೃಷ್ಟಿಯಲ್ಲಿ ಎರಡೂ ನ್ಯಾಯವಾದವು. ಮೊದಲು ಪತಿಗೆ ಕೊಟ್ಟ ಸಲಹೆ. ರಾಲ್ಸ್ ಆ ಸಂಯಮವನ್ನು ಕೇಳಿದ್ದು ಸಂವಿಧಾನದ ಮೂಲ ವಿಷಯಗಳನ್ನು ತೀರ್ಮಾನಿಸುವ ಸಂದರ್ಭದಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ನ್ಯಾಯಾಧೀಶರಿಂದ, ಶಾಸಕರಿಂದ, ಅಧಿಕಾರಿಗಳಿಂದ. ಚರ್ಚಿನೊಳಗಿನ, ಸಂಘಸಂಸ್ಥೆಗಳೊಳಗಿನ ಮಾತುಕತೆಗೆ ಅವರು ಅದನ್ನು ಅನ್ವಯಿಸಲಿಲ್ಲ. 1997ರಲ್ಲಂತೂ ಅವರು ಇನ್ನಷ್ಟು ಸಡಿಲಗೊಳಿಸಿ, ಸಕಾಲದಲ್ಲಿ ಎಲ್ಲರೂ ಒಪ್ಪಬಹುದಾದ ಸಾರ್ವಜನಿಕ ಕಾರಣಗಳನ್ನೂ ಒದಗಿಸುವುದಾದರೆ ಧಾರ್ಮಿಕ ಕಾರಣಗಳನ್ನು ರಾಜಕೀಯ ಚರ್ಚೆಯಲ್ಲೇ ಯಾವಾಗ ಬೇಕಾದರೂ ಮುಂದಿಡಬಹುದು ಎಂದರು. ಜರ್ಮನ್ ತತ್ವಜ್ಞಾನಿ ಯೂರ್ಗೆನ್ ಹೇಬರ್ಮಾಸ್, ತಾವು ಭಕ್ತರಲ್ಲದಿದ್ದರೂ, 2001ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮಾತನಾಡುತ್ತ, ತನ್ನನ್ನು ಎರಡು ಭಾಗ ಮಾಡಿಕೊಳ್ಳುವ ಹೊರೆಯನ್ನು ಭಕ್ತರಾದ ಪ್ರಜೆಗಳ ಮೇಲೆ ಮಾತ್ರ ಹೊರಿಸಲಾಗಿದೆ ಎಂಬುದನ್ನು ಎತ್ತಿ ತೋರಿಸಿದರು. ಆ ಪತ್ನಿ ಹೇಳಿದ್ದೂ ಅದನ್ನೇ. ತೀರ್ಪು ಬರೆಯುವ ನ್ಯಾಯಾಧೀಶರಿಗೆ ತಕ್ಕ ಸಂಯಮವನ್ನು ಹೆಂಡತಿಯಿಂದ ನಿರೀಕ್ಷಿಸುವ ಗಂಡ, ತನಗೆ ಅರಿವಿಲ್ಲದಂತೆಯೇ, ಮನೆಯನ್ನು ನ್ಯಾಯಾಲಯ ಮಾಡಿ ಪೀಠದಲ್ಲಿ ತಾನೇ ಕುಳಿತಿರುತ್ತಾನೆ. ಕಾರಣವನ್ನು ಒಪ್ಪಬೇಕೆಂದೇನೂ ಇಲ್ಲ. ಅದನ್ನು ಪೂರ್ತಿಯಾಗಿ, ಹೇಳುವವರ ಮಾತಿನಲ್ಲೇ ಕೇಳಿಸಿಕೊಳ್ಳಬೇಕು ಎಂದೆ.

ಪತ್ನಿಗೆ ಕೊಟ್ಟ ಸಲಹೆ ಇದಕ್ಕಿಂತ ಕಠಿಣವಾಗಿತ್ತು ಎಂದು ಕೆಲವರಿಗೆ ಅನ್ನಿಸಬಹುದು. ದೇವರ ಹೆಸರಿನಲ್ಲಿ ಮಾತು ಶುರುಮಾಡುವುದಕ್ಕೂ ದೇವರ ಹೆಸರಿನಲ್ಲಿ ಮಾತು ಮುಗಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ನಿಮ್ಮ ಹಕ್ಕು, ಎರಡನೆಯದು ಎದುರಿನವರ ಹಕ್ಕನ್ನು ಕಿತ್ತುಕೊಳ್ಳುವುದು ಎಂದು ಹೇಳಿದೆ. ಅವರ ತಾಯಿ ಆಡಿದ ಮಾತನ್ನೂ ನಾನು ಬಿಡಲಿಲ್ಲ. ಅದು ಒಬ್ಬ ಅತ್ತೆಯ ಬಾಯಿತಪ್ಪಿನ ಮಾತಲ್ಲ, ಬಹಳ ಹಳೆಯದು. ಸಹಿಷ್ಣುತೆಗಾಗಿ 1689ರಲ್ಲಿ ಅಷ್ಟು ಗಟ್ಟಿಯಾಗಿ ವಾದಿಸಿದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಕೂಡ ನಾಸ್ತಿಕರನ್ನು ಅದರಿಂದ ಹೊರಗಿಟ್ಟ. ದೇವರನ್ನು ಒಪ್ಪದವನನ್ನು ಆಣೆ ಪ್ರಮಾಣಗಳು ಕಟ್ಟಿಹಾಕಲಾರವು ಎಂಬುದು ಅವನ ಕಾರಣ. 1880ರಲ್ಲಿ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಚಾರ್ಲ್ಸ್ ಬ್ರಾಡ್ಲಾಗ್ ನಾಸ್ತಿಕನೆಂಬ ಕಾರಣಕ್ಕೆ, ಮತದಾರರು ಮತ್ತೆ ಮತ್ತೆ ಆರಿಸಿ ಕಳುಹಿಸಿದರೂ, 1886ರವರೆಗೆ ತನ್ನ ಸ್ಥಾನದಲ್ಲಿ ನೆಲೆಯಾಗಿ ಕೂರಲಾಗಲಿಲ್ಲ. ದೇವರ ಹೆಸರಿನ ಆಣೆಯ ಬದಲು, ದೇವರ ಹೆಸರಿಲ್ಲದ ದೃಢವಚನ ಸ್ವೀಕರಿಸುವ ಹಕ್ಕು ಅಲ್ಲಿ ನಾಸ್ತಿಕರಿಗೆ ಪೂರ್ಣವಾಗಿ ಸಿಕ್ಕಿದ್ದು 1888ರ ಕಾಯಿದೆಯಿಂದ. ಆದರೆ ಆ ಬಾಗಿಲನ್ನು ಮೊದಲು ತಟ್ಟಿದವರು ನಾಸ್ತಿಕರಲ್ಲ, ಕ್ವೇಕರ್ ಕ್ರೈಸ್ತರು. ಆಣೆಯನ್ನೇ ಇಡಬೇಡಿರಿ ಎಂಬ ಯೇಸುವಿನ ಮಾತನ್ನು ಅಕ್ಷರಶಃ ಪಾಲಿಸಿ, ಅದಕ್ಕಾಗಿ ಸೆರೆಮನೆ ಸೇರಿ, 17ನೆಯ ಶತಮಾನದ ಕೊನೆಯಲ್ಲಿ ಅವರು ಆ ವಿನಾಯಿತಿಯನ್ನು ಪಡೆದಿದ್ದರು. ಭಕ್ತನ ಮನಸ್ಸಾಕ್ಷಿಗಾಗಿ ತೆರೆದ ಬಾಗಿಲಲ್ಲಿ ಮುಂದೆ ನಾಸ್ತಿಕನೂ ಒಳಗೆ ಬಂದ.

ಪತ್ನಿಯನ್ನು ಹೆಚ್ಚು ಅಲುಗಿಸಿದ್ದು ಇನ್ನೊಂದು ಸಂಗತಿ. ಒಪ್ಪಿಗೆ ಕೊಡಲಾಗದ ಶಿಶುವಿಗೆ ದೀಕ್ಷಾಸ್ನಾನ ಸಲ್ಲದು ಎಂಬ ಗಂಡನ ಮಾತನ್ನು ಅವರು ಅಧರ್ಮದ ಮಾತೆಂದೇ ಎಣಿಸಿದ್ದರು. ಅದನ್ನು ಭಕ್ತಿಯಿಂದಲೇ ಹೇಳಿದವರಿದ್ದರು ಎಂದು ನೆನಪಿಸಿದೆ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಒಂದು ಸಣ್ಣ ಗುಂಪು, ನಂಬಿಕೆ ಮನುಷ್ಯ ತಾನಾಗಿ ಕೊಡುವ ಉತ್ತರವೆಂದು ಹೇಳಿ, ಪ್ರಾಯಕ್ಕೆ ಬಂದವರಿಗೆ ದೀಕ್ಷಾಸ್ನಾನ ಕೊಟ್ಟಿತು. ಆ ಗುಂಪಿನ ಫೆಲಿಕ್ಸ್ ಮಾಂಜ್‌ನನ್ನು 1527ರ ಜನವರಿಯಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು, ಮತ್ತು ಕೊಂದವರೂ ಕ್ರೈಸ್ತರೇ. ಇಂದಿಗೂ ಬ್ಯಾಪ್ಟಿಸ್ಟ್ ಸಭೆಗಳು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಹಾಗೆಂದು ಪತ್ನಿಯ ಸಭೆಯ ಪದ್ಧತಿ ತಪ್ಪು ಎಂದು ನಾನು ಹೇಳಲಿಲ್ಲ. ಅದು ನನ್ನ ಕೆಲಸವೂ ಅಲ್ಲ. ಗಂಡನ ಆಕ್ಷೇಪವನ್ನು ನಂಬಿಕೆಯ ಶತ್ರುವಿನ ಮಾತೆಂದು ಕೇಳುವುದಕ್ಕೂ ನಂಬಿಕೆಯ ಒಳಗೇ ಬಗೆಹರಿಯದೆ ಉಳಿದ ಒಂದು ಪ್ರಶ್ನೆಯೆಂದು ಕೇಳುವುದಕ್ಕೂ ಇರುವ ಅಂತರ ಅವರಿಗೆ ಕಾಣಲಿ ಎಂಬುದಷ್ಟೇ ನನ್ನ ಉದ್ದೇಶ.

ಆಪ್ತಸಲಹೆಯಲ್ಲಿ ಇತಿಹಾಸದ ಪಾಠವೇಕೆ ಎಂದು ಸಹೋದ್ಯೋಗಿಯೊಬ್ಬರು ಈ ಪ್ರಕರಣ ಕೇಳಿ ಆಕ್ಷೇಪಿಸಿದರು. ಭಾವನೆಗಳನ್ನು ಆಲಿಸುವುದಷ್ಟೇ ನಮ್ಮ ಕೆಲಸ, ವಾದದ ತೂಕ ನೋಡುವುದಲ್ಲ ಎಂಬುದು ಅವರ ಅಭಿಪ್ರಾಯ. ನಾನು ಒಪ್ಪುವುದಿಲ್ಲ. ಇಬ್ಬರು ವಿಚಾರವಂತರು ಒಂದು ನಿಯಮವನ್ನು ನ್ಯಾಯವೆಂದು ನಂಬಿ ಜಗಳವಾಡುತ್ತಿರುವಾಗ, ನಿಯಮವನ್ನು ಮುಟ್ಟದೆ ಕೇವಲ ಅವರ ನೋವಿನ ಬಗ್ಗೆ ಮಾತನಾಡುವುದು ಅವರನ್ನು ಚಿಕ್ಕವರನ್ನಾಗಿ ಕಂಡಂತೆ. ಮಾನವ ಹಕ್ಕುಗಳ ಒಡಂಬಡಿಕೆಗಳಲ್ಲಿ ಸಿದ್ಧ ಉತ್ತರ ಹುಡುಕುವವರೂ ಇದ್ದಾರೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 18ನೆಯ ವಿಧಿ ಮಕ್ಕಳಿಗೆ ತಮ್ಮ ನಂಬಿಕೆಯಂತೆ ಧಾರ್ಮಿಕ ಮತ್ತು ನೈತಿಕ ಶಿಕ್ಷಣ ಕೊಡಿಸುವ ಸ್ವಾತಂತ್ರ್ಯವನ್ನು ತಂದೆತಾಯಿಗಳಿಗೆ ಕೊಡುತ್ತದೆ. ತಂದೆಯ ನಂಬಿಕೆ ಒಂದು, ತಾಯಿಯದು ಇನ್ನೊಂದು ಆದಾಗ ಏನು ಎಂದು ಹೇಳುವುದಿಲ್ಲ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಒಂದು ಹೆಜ್ಜೆ ಮುಂದೆ ಹೋಗಿ, ತಂದೆತಾಯಿಯ ಮಾರ್ಗದರ್ಶನ ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ಅನುಗುಣವಾಗಿರಬೇಕು ಎನ್ನುತ್ತದೆ. ಅದು ಒಳ್ಳೆಯ ಮಾತು, ಆದರೆ ಕೈಗೂಸಿನ ವಿಷಯದಲ್ಲಿ ಅದರಿಂದ ಹೆಚ್ಚಿನ ಸಹಾಯವಾಗದು.

ದೀಕ್ಷಾಸ್ನಾನ ಮಾಡಿಸಿ ಅಥವಾ ಬಿಡಿ ಎಂದು ನಾನು ಹೇಳಲಿಲ್ಲ. ತೀರ್ಮಾನ ತನ್ನ ವಿರುದ್ಧ ಹೋದರೆ ತನಗೆ ಏನೇನು ಉಳಿಯಬೇಕು ಎಂದು ಇಬ್ಬರೂ ಬೇರೆಬೇರೆಯಾಗಿ ಬರೆದು ತರಲು ಹೇಳಿದೆ. ಜನರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ನೀವು ಅವರಿಗೆ ಮಾಡಿರಿ ಎಂದು ಪತ್ನಿಯ ಧರ್ಮಗ್ರಂಥ ಹೇಳುತ್ತದೆ. ಸಮಾಜದಲ್ಲಿ ತನ್ನ ಸ್ಥಾನ ಯಾವುದೆಂದು ತಿಳಿಯದವನಂತೆ ನಿಯಮಗಳನ್ನು ಆರಿಸು ಎಂದು ಪತಿ ಮೆಚ್ಚಿದ ತತ್ವಜ್ಞಾನಿ ಹೇಳಿದ. ಈ ಕೆಲಸಕ್ಕೆ ಎರಡರಲ್ಲಿ ಯಾವುದನ್ನು ಆಧಾರವಾಗಿ ಇಟ್ಟುಕೊಂಡರೂ ಸರಿ ಎಂದೆ. ಮಗುವಿನ ಜೊತೆ ಪ್ರಾರ್ಥಿಸಲು, ಆರಾಧನೆಗೆ ಕರೆದೊಯ್ಯಲು ಅಡ್ಡಿಯಾಗಬಾರದು, ಅದನ್ನು ಮಗುವಿನ ಮುಂದೆ ಯಾರೂ ಹಾಸ್ಯ ಮಾಡಬಾರದು ಎಂದು ಪತ್ನಿ ಬರೆದರು. ನಂಬದ ಮಾತನ್ನು ತನ್ನ ಬಾಯಿಂದ ಹೇಳಿಸಬಾರದು, ಅಪ್ಪನಿಗೆ ನಂಬಿಕೆಯಿಲ್ಲ ಎಂಬುದನ್ನು ಮಗುವಿಗೆ ದೋಷವೆಂದು ಕಲಿಸಬಾರದು, ಮುಂದೆ ಮಗು ತಾನಾಗಿ ಬೇಡವೆಂದರೆ ಒತ್ತಾಯಿಸಬಾರದು ಎಂದು ಪತಿ ಬರೆದರು. ಒಂದೇ ಒಂದು ಅಂಶದ ಮೇಲೆ ಎಳೆದಾಟವಾಯಿತು: ಹಾಸ್ಯ ಮಾಡದಿರುವುದೆಂದರೆ ಪ್ರಶ್ನೆ ಕೇಳದಿರುವುದೂ ಸೇರಿದೆಯೇ ಎಂದು ಪತಿ ಕೇಳಿದರು. ಸೇರಿಲ್ಲ ಎಂದು ಪತ್ನಿ ಬರೆದುಕೊಟ್ಟರು.

ಒಬ್ಬರು ಇನ್ನೊಬ್ಬರನ್ನು ಹೆದರಿಸಿ, ಹಣದಿಂದ ಕಟ್ಟಿಹಾಕಿ, ಬಂಧುಗಳ ಬಲದಿಂದ ಬಗ್ಗಿಸುತ್ತಿರುವ ಮನೆಗಳಿಗೆ ಈ ಸಲಹೆ ಹೊಂದುವುದಿಲ್ಲ. ಅಲ್ಲಿ ಕಾರಣಗಳ ವಿನಿಮಯಕ್ಕಿಂತ ಮೊದಲು ರಕ್ಷಣೆಯ ಕೆಲಸವಿರುತ್ತದೆ.

ಮಗುವಿಗೆ ದೀಕ್ಷಾಸ್ನಾನವಾಯಿತು. ಪ್ರತಿಜ್ಞೆಯನ್ನು ತಾಯಿಯೂ ಜ್ಞಾನತಂದೆತಾಯಿಗಳೂ ಹೇಳಿದರೆ ಸಾಕೆಂದು ಸಭಾಪಾಲಕರು ಒಪ್ಪಿದ್ದರು. ಪತಿ ಪತ್ನಿಯ ಪಕ್ಕದಲ್ಲಿ ನಿಂತಿದ್ದರು, ಪ್ರತಿಜ್ಞೆ ಹೇಳಲಿಲ್ಲ. ಅತ್ತೆ ತಮ್ಮ ಮಾತನ್ನು ಹಿಂದೆಗೆದುಕೊಂಡಿಲ್ಲ. ತಾಯಿ ಅದನ್ನು ಮತ್ತೆ ಆಡಿದಾಗ ಉತ್ತರ ಕೊಡುವ ಕೆಲಸ ಇನ್ನು ಮುಂದೆ ತನ್ನದು, ಗಂಡನದಲ್ಲ ಎಂದು ಪತ್ನಿ ಕೊನೆಯ ಭೇಟಿಯಲ್ಲಿ ಹೇಳಿದರು.